ಗಾಯ ಸಣ್ಣದು, ಆಪರೇಷನ್ ಸಣ್ಣದಲ್ಲ

ಸಂಪಾದಕರೇ,

ತೂಕ ಇಳಿಸುವ ಆಪರೇಷನ್ನಿನ ಜಾಹೀರಾತು ಈಗ ಎಲ್ಲಿ ನೋಡಿದರೂ ಇದೆ. ಕೀಹೋಲ್ ಸರ್ಜರಿ (ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಮಾಡುವುದು), ಪುಟ್ಟ ಗಾಯ, ಎರಡು ಮೂರು ದಿನಕ್ಕೆ ಮನೆಗೆ ಅಂತ. ಇದು ಸುಳ್ಳಲ್ಲ, ಆದರೆ ಅರ್ಧ ಮಾತು.

ಕೀಹೋಲ್ ಒಳ್ಳೆಯದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 155 ಜನರನ್ನು ಎರಡು ಗುಂಪು ಮಾಡಿ, ಅರ್ಧ ಜನಕ್ಕೆ ಹೊಟ್ಟೆ ಕೊಯ್ದು, ಉಳಿದವರಿಗೆ ಕೀಹೋಲ್‌ನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಪುಟ್ಟ ಚೀಲದಷ್ಟು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವ ಆಪರೇಷನ್) ಮಾಡಿ ಹೋಲಿಸಿದರು. 2001ರಲ್ಲಿ ವರದಿ ಬಂತು. ಹೊಟ್ಟೆ ಕೊಯ್ದವರಲ್ಲಿ ನೂರಕ್ಕೆ ಹತ್ತು ಜನರಿಗೆ ಗಾಯದ ಸೋಂಕು, ಸುಮಾರು ಎಂಟು ಜನರಿಗೆ ಗಾಯದ ಜಾಗದಲ್ಲೇ ಹರ್ನಿಯಾ. ಕೀಹೋಲ್‌ನವರಲ್ಲಿ ಸೋಂಕು ತೀರಾ ಕಡಿಮೆ, ಹರ್ನಿಯಾ ಇಲ್ಲವೇ ಇಲ್ಲ. ಆದರೆ ವರ್ಷ ಕಳೆದ ಮೇಲೆ ತೂಕ ನೋಡಿದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ! ಯಾಕೆಂದರೆ ಒಳಗೆ ಮಾಡುವ ಕೆಲಸ ಒಂದೇ ಅಲ್ವಾ.

ಜನ ಮರೆಯುವುದು ಇದನ್ನೇ. ತೂಕ ಇಳಿಸುವ ಇನ್ನೊಂದು ಬಗೆಯಾದ ಸ್ಲೀವ್ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ, ಅದು ವಾಪಸ್ ಬರುವುದಿಲ್ಲ. ಆಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ ನೋಡಿಕೊಳ್ಳಬೇಕು. ಬೇಗ ಮನೆಗೆ ಕಳಿಸುವುದರಲ್ಲಿ ಇನ್ನೊಂದು ವಿಷಯ ಇದೆ: ಒಳಗೆ ಜಠರಕ್ಕೆ ಹಾಕಿದ ಹೊಲಿಗೆ ಸೋರಿದರೆ ಅದು ಎಷ್ಟೋ ಸಲ ಗೊತ್ತಾಗುವುದು ಮನೆಗೆ ಬಂದ ಮೇಲೆ. ಜ್ವರ, ಹೊಟ್ಟೆನೋವು, ಸುಮ್ನೆ ಮಲಗಿದ್ದರೂ ಎದೆಬಡಿತ ಜೋರಾಗುವುದು, ಇದರಲ್ಲಿ ಒಂದು ಕಂಡರೂ ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಿ ಕೂರದೆ, ಆಪರೇಷನ್ ಮಾಡಿದ ಆಸ್ಪತ್ರೆಗೆ ಆವತ್ತೇ ಓಡಬೇಕು. ಗಾಯ ಚಿಕ್ಕದಾಗಿ ಕಾಣುವುದರಿಂದ ಮನೆಯವರೂ ಧೈರ್ಯವಾಗಿ ಇದ್ದುಬಿಡುತ್ತಾರೆ, ನನಗೆ ಭಯ ಆಗುವುದು ಅದಕ್ಕೇ.

ಹಿಂದೆ ಹೊಟ್ಟೆಯ ಆಪರೇಷನ್ ಆಗಿ ಒಳಗೆ ಕರುಳೆಲ್ಲ ಅಂಟಿಕೊಂಡಿದ್ದರೆ, ಅಥವಾ ರಕ್ತಸ್ರಾವ ನಿಲ್ಲದಿದ್ದರೆ, ಕೀಹೋಲ್ ಬಿಟ್ಟು ಹೊಟ್ಟೆ ತೆರೆಯಬೇಕಾಗಬಹುದು. ಅದು ಡಾಕ್ಟರ ಸೋಲಲ್ಲ, ರೋಗಿಯ ಜೀವಕ್ಕಾಗಿ ತೆಗೆದುಕೊಂಡ ನಿರ್ಧಾರ. ಆದರೆ ಸಹಿ ಹಾಕಿಸಿಕೊಳ್ಳುವ ಮುಂಚೆಯೇ, ನಮಗೆ ಅರ್ಥವಾಗುವ ಕನ್ನಡದಲ್ಲಿ, ಇದನ್ನು ಹೇಳಬೇಕು.

ನಿಮ್ಮ ಆರೋಗ್ಯ ಪುಟದಲ್ಲಿ ಸರ್ಜನ್ನರಿಂದಲೇ ಇದನ್ನೆಲ್ಲ ಬರೆಸಿ. ಜೊತೆಗೆ ಆಪರೇಷನ್ ಆಗಿ ಐದಾರು ವರ್ಷ ಕಳೆದವರನ್ನೂ ಮಾತಾಡಿಸಿ, ಈಗ ಹೇಗಿದ್ದಾರೆ ಅಂತ ಕೇಳಿ.

– ಒಬ್ಬ ಓದುಗ, ಹಾಸನ