ಬರ್ಕ್‌ಗೆ ಪಿತಾಮಹನ ಪಟ್ಟ ಸಿಕ್ಕಿದ್ದು ತಡವಾಗಿ

ಮಾನ್ಯರೆ,

ಸಂಪ್ರದಾಯವಾದಿ (ಕನ್ಸರ್ವೇಟಿವ್) ರಾಜಕೀಯ ಚಿಂತನೆ ಕುರಿತ ಲೇಖನ ಓದಿದೆ. ಬ್ರಿಟನ್ನಿನ ಸಂಸದ, ಚಿಂತಕ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಖಂಡಿಸಿ ಬರೆದ ಪುಸ್ತಕದಿಂದಲೇ ಈ ಪಂಥ ಹುಟ್ಟಿತು ಎಂದಿದ್ದಾರೆ. ಪಠ್ಯಪುಸ್ತಕಗಳು ಹೇಳುವುದೂ ಇದನ್ನೇ. ಸಂಶೋಧನೆ ಮಾತ್ರ ಬೇರೆಯದೇ ಕಥೆ ಹೇಳುತ್ತದೆ.

ಬರ್ಕ್ ಕನ್ಸರ್ವೇಟಿವ್ ಪಕ್ಷದ ಪೂರ್ವಜರಾದ ಟೋರಿಗಳ ಬಣದವರಲ್ಲ, ಅವರ ಎದುರಾಳಿ ವಿಗ್ ಪಕ್ಷದವರು. ಅಮೆರಿಕದ ವಸಾಹತುಗಳ ಪರ ಸಂಸತ್ತಿನಲ್ಲಿ ವಾದಿಸಿದರು. 1788ರಲ್ಲಿ ಶುರುವಾದ, ಬಂಗಾಳದ ಮಾಜಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ವಾಗ್ದಂಡನೆ ವಿಚಾರಣೆಯ ಮುಂಚೂಣಿಯಲ್ಲೂ ಇದ್ದರು. ಅವರು ತೀರಿಕೊಂಡಿದ್ದು 1797ರಲ್ಲಿ. ಕನ್ಸರ್ವೇಟಿವ್ ಪಕ್ಷಕ್ಕೆ ಅಡಿಪಾಯವೆಂದು ಹೇಳಲಾಗುವ ಬ್ರಿಟಿಷ್ ಪ್ರಧಾನಿ ರಾಬರ್ಟ್ ಪೀಲ್ ಅವರ ಟ್ಯಾಮ್‌ವರ್ತ್ ಪ್ರಣಾಳಿಕೆ ಹೊರಬಿದ್ದಿದ್ದು 1834ರ ಡಿಸೆಂಬರ್‌ನಲ್ಲಿ.

ಹಾಗಾದರೆ ಪಟ್ಟ ಕಟ್ಟಿದವರು ಯಾರು? ಬ್ರಿಟನ್ನಿನ ಇತಿಹಾಸಕಾರ್ತಿ ಎಮಿಲಿ ಜೋನ್ಸ್ 2017ರ ತಮ್ಮ ಗ್ರಂಥದಲ್ಲಿ ಹುಡುಕಿದ್ದು ಇದನ್ನೇ. ಬರ್ಕ್ ಏನು ಬರೆದರು ಎಂಬುದಕ್ಕಿಂತ, 1830ರಿಂದ 1914ರವರೆಗೆ ಅವರನ್ನು ಯಾರು, ಯಾವ ಜಗಳದಲ್ಲಿ ಎಳೆದು ತಂದರು ಎಂಬುದನ್ನು ಅವರು ಬೆನ್ನುಹತ್ತಿದರು. ನಿರ್ಣಾಯಕ ಘಟ್ಟ 1886ರ ಐರಿಷ್ ಸ್ವಯಮಾಡಳಿತ ಮಸೂದೆ. ಅದನ್ನು ತಂದ ಲಿಬರಲ್ ಪ್ರಧಾನಿ ಗ್ಲ್ಯಾಡ್‌ಸ್ಟನ್ ಬರ್ಕ್ ಅವರ ಐರ್ಲೆಂಡ್ ಕುರಿತ ಬರಹಗಳನ್ನು ಹಿಡಿದರು. ಮಸೂದೆ ವಿರೋಧಿಸಿ ಲಿಬರಲ್ ಪಕ್ಷ ಒಡೆದು ಹೊರಬಂದವರೂ ಅದೇ ಬರ್ಕ್‌ರನ್ನೇ ತಿರುಗಿಸಿ ಹೊಡೆದರು. ಆ ಬಣ 1912ರಲ್ಲಿ ಕನ್ಸರ್ವೇಟಿವ್ ಪಕ್ಷದಲ್ಲಿ ವಿಲೀನವಾಯಿತು. ಅದೇ ವರ್ಷ ಆ ಪಕ್ಷದ ಸಂಸದ ಹ್ಯೂ ಸೆಸಿಲ್ ಕನ್ಸರ್ವೇಟಿವ್ ಸಿದ್ಧಾಂತದ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ಬರ್ಕ್‌ಗೆ ಮೊದಲ ಮಣೆ.

ಇಂಥ ಕೆಲಸದಲ್ಲಿ ಎಡವುವುದು ಸುಲಭ. ಡಿಜಿಟಲ್ ಸಂಗ್ರಹದಲ್ಲಿ ಪದ ಹುಡುಕಿ, ಸಿಕ್ಕ ಸಂಖ್ಯೆಯನ್ನೇ ಪುರಾವೆ ಎನ್ನುವವರಿದ್ದಾರೆ. 18ನೇ ಶತಮಾನದ ಇಂಗ್ಲಿಷ್ ಮುದ್ರಣದಲ್ಲಿ ಪದದ ನಡುವಿನ ‘ಎಸ್’ ಉದ್ದವಾಗಿ, ಹೆಚ್ಚುಕಡಿಮೆ ‘ಎಫ್’ ಆಕಾರದಲ್ಲಿ ಅಚ್ಚಾಗುತ್ತಿತ್ತು. ಯಂತ್ರ ತಪ್ಪಾಗಿ ಓದಿದರೆ ‘ಕನ್ಸರ್ವೇಟಿವ್’ ಎಂಬ ಪದ ಇದ್ದರೂ ಸಿಗುವುದಿಲ್ಲ. ಫ್ರೆಂಚ್ ಪತ್ರಿಕೆಗಳಲ್ಲಿ ಉಲ್ಟಾ ಸಮಸ್ಯೆ: ನೆಪೋಲಿಯನ್ 1799ರ ಸಂವಿಧಾನದಡಿ ರಚಿಸಿದ ಸೆನೆಟ್ಟಿನ ಹೆಸರಲ್ಲೇ ‘ಕನ್ಸರ್ವಾತರ್’ (ಸಂರಕ್ಷಕ) ಇದೆ. ಅಲ್ಲಿ ಎಣಿಕೆ ಏರಿದರೆ ಏರಿದ್ದು ಸರ್ಕಾರಿ ಪ್ರಕಟಣೆ, ಸಿದ್ಧಾಂತವಲ್ಲ! ಬರ್ಕ್ ಹೆಸರನ್ನು ಎಣಿಸಿದರೂ ಸಾಲದು. ಶಾಸಕ ಮತದಾರರ ಕೈಗೊಂಬೆಯಲ್ಲ ಎಂದ 1774ರ ಬ್ರಿಸ್ಟಲ್ ಭಾಷಣ ಉಲ್ಲೇಖವಾಗಿದೆಯೋ, 1790ರ ಪುಸ್ತಕವೋ ಎಂದು ಒಂದೊಂದನ್ನೂ ತೆರೆದು ನೋಡಬೇಕು.

ಲೇಖನದ ಜತೆಗಿದ್ದ ಕಾಲರೇಖೆಯಲ್ಲಿ ಬರ್ಕ್, ಫ್ರೆಂಚ್ ಕ್ರಾಂತಿಯ ವಿರುದ್ಧ ಬರೆದ ದ ಮೇಸ್ತ್ರ್, ಬ್ರಿಟನ್ನಿನ ಪ್ರಧಾನಿಯಾಗಿದ್ದ ಡಿಸ್ರೇಲಿ, 1953ರಲ್ಲಿ ಅಮೆರಿಕದಲ್ಲಿ ಪುಸ್ತಕ ತಂದ ರಸೆಲ್ ಕರ್ಕ್ ಒಂದೇ ವಂಶದವರಂತೆ ನಿಂತಿದ್ದಾರೆ. ಆ ವಂಶಾವಳಿ ಹೊಸೆದವರಲ್ಲಿ ಕರ್ಕ್ ಕೂಡ ಒಬ್ಬರು. ಪ್ರತಿ ಹೆಸರಿನ ಮುಂದೆ ಬರೆದ ವರ್ಷ ಒಂದು ಕಡೆ, ಪಂಥದವರು ಅವರನ್ನು ‘ನಮ್ಮವರು’ ಎಂದುಕೊಂಡ ಕಾಲ ಇನ್ನೊಂದು ಕಡೆ ಹಾಕಿದ್ದರೆ ಕಾಲರೇಖೆ ಓದುಗರಿಗೆ ಹೆಚ್ಚು ಉಪಯೋಗವಾಗುತ್ತಿತ್ತು.

– ಇತಿಹಾಸ ಅಧ್ಯಾಪಕ