ಮುಕ್ತ ನಕ್ಷೆ ಬಳಸುವವರು ಮೂಲ ನಮೂದಿಸಲಿ

ಮಾನ್ಯರೇ,

ಚಿತ್ರದುರ್ಗದ ಕೋಟೆ ನೋಡಲು ಬರುವವರಿಗೆ ಹಂಚುತ್ತಿರುವ ಪ್ರವಾಸಿ ಕರಪತ್ರವೊಂದು ಈಚೆಗೆ ಕೈಗೆ ಸಿಕ್ಕಿತು. ಅದರಲ್ಲಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್‌ನ, ಅಂದರೆ ಯಾರು ಬೇಕಾದರೂ ಮಾಹಿತಿ ಸೇರಿಸಿ ಬೆಳೆಸಬಹುದಾದ ಅಂತರ್ಜಾಲ ನಕ್ಷೆಯ, ನಕ್ಷೆ. ಸಂತೆ ಹೊಂಡದ ಸುತ್ತಲಿನ ಸಂದಿಗೊಂದಿಗಳು, ತಿರುವಿನಲ್ಲಿರುವ ನೀರಿನ ಸಿಸ್ಟನ್, ಕೋಟೆ ತಪ್ಪಲಿನ ಕಾಲುದಾರಿ ಎಲ್ಲವೂ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಬಿಸಿಲಲ್ಲಿ ನಡೆದು, ಮೊಬೈಲ್ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು ಸೇರಿಸಿದವು. ಕರಪತ್ರದಲ್ಲಿ ಮೂಲದ ಉಲ್ಲೇಖವೇ ಇಲ್ಲ. ಮೇಲಾಗಿ, ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂದು ಅಚ್ಚು ಹಾಕಿದ್ದಾರೆ.

ಪುಕ್ಕಟೆ ಸಿಗುವ ನಕ್ಷೆಗೆ ವಾರಸುದಾರರೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಈ ದತ್ತಾಂಶ 2012ರ ಸೆಪ್ಟೆಂಬರ್‌ನಿಂದ ಓಪನ್ ಡೇಟಾಬೇಸ್ ಲೈಸೆನ್ಸ್ ಅಡಿಯಲ್ಲಿದೆ. ಯಾರು ಬೇಕಾದರೂ ಮುದ್ರಿಸಬಹುದು, ಮಾರಲೂಬಹುದು, ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರನ್ನೂ ಪರವಾನಗಿಯನ್ನೂ ನಮೂದಿಸಲೇಬೇಕು. ದತ್ತಾಂಶವನ್ನೇ ತಿದ್ದಿ, ಬೆಳೆಸಿ ಸಾರ್ವಜನಿಕವಾಗಿ ಬಳಸಿದರೆ, ಅದನ್ನೂ ಅದೇ ಪರವಾನಗಿಯಡಿ ಉಳಿದವರಿಗೆ ಬಿಟ್ಟುಕೊಡಬೇಕು. ಕರಪತ್ರದ ವಿನ್ಯಾಸ, ಬರಹದ ಹಕ್ಕು ಅವರದೇ ಇರಲಿ, ನನ್ನ ತಕರಾರಿಲ್ಲ. ಮುಂದಿನ ಮುದ್ರಣದಲ್ಲಿ ನಕ್ಷೆಯ ಕೆಳಗೆ ಆ ಒಂದು ಸಾಲು ಬರಲಿ. ತಾವು ಗುರುತಿಸಿದ ದಾರಿಯನ್ನು ಅಚ್ಚಿನಲ್ಲಿ ಕಂಡು ಹಿಗ್ಗಿದ ಮಕ್ಕಳು, ‘ನಮ್ಮದು ಅಂತ ಎಲ್ಲೂ ಇಲ್ವಲ್ಲ ಮಿಸ್’ ಎಂದು ಕೇಳಿದಾಗ ನನಗೆ ಬಹಳ ಸಂಕಟವಾಯಿತು.

ಈ ಮಕ್ಕಳು ಪಾಲಿಸಿದ ಶಿಸ್ತನ್ನೂ ಹೇಳಬೇಕು. ಓಣಿಯೊಂದರ ಹೆಸರು ಗೊತ್ತಾಗದೆ ಒಬ್ಬ ಹುಡುಗ ಗೂಗಲ್ ಮ್ಯಾಪ್ ತೆರೆದ. ಆ ನಕ್ಷೆಯ ಹಕ್ಕು ಬೇರೆಯವರದು, ಅಲ್ಲಿಂದ ಎತ್ತಿ ಇಲ್ಲಿ ಹಾಕುವಂತಿಲ್ಲ ಎಂದೆ. ಕಟ್ಟೆ ಮೇಲೆ ಕೂತಿದ್ದ ಅಜ್ಜಿಯ ಬಳಿ ಹೋಗಿ ಕೇಳಿ, ಬರೆದುಕೊಂಡು ಬಂದ.

ಇದೇ ಕಾರಣಕ್ಕೆ ಸರ್ಕಾರಿ ಜಾಲತಾಣಗಳಲ್ಲಿ ಪರವಾನಗಿ ನಮೂದಿಸದೆ ಹಾಕಿರುವ ನಕ್ಷೆಗಳನ್ನೂ ನಾವು ಮುಟ್ಟುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ನಕ್ಷೆಗೂ ಹಕ್ಕುಸ್ವಾಮ್ಯವುಂಟು; ಸರ್ಕಾರದ ಕೃತಿಗಳಿಗೆ ಅದರ ಅವಧಿ 60 ವರ್ಷ. ಕೇಂದ್ರ ಸರ್ಕಾರವೇ 2017ರಲ್ಲಿ ಮುಕ್ತ ದತ್ತಾಂಶ ಪರವಾನಗಿಯೊಂದನ್ನು ರೂಪಿಸಿದೆ. 2021ರ ಫೆಬ್ರುವರಿಯ ಮಾರ್ಗಸೂಚಿಯಿಂದ ನಕ್ಷೆ ತಯಾರಿಕೆಗಿದ್ದ ನಿರ್ಬಂಧಗಳೂ ಬಹುಮಟ್ಟಿಗೆ ಸಡಿಲಗೊಂಡಿವೆ. ನಮ್ಮ ಜಿಲ್ಲೆಯ ಕೆರೆ, ಹೊಂಡ, ಕಲ್ಯಾಣಿಗಳ ಸರ್ವೆ ಗಡಿಗಳನ್ನು ಯಾರು, ಹೇಗೆ ಬಳಸಬಹುದೆಂದು ಸ್ಪಷ್ಟವಾಗಿ ಬರೆದು ಜಿಲ್ಲಾಡಳಿತ ಪ್ರಕಟಿಸಲಿ. ಗಡಿಯೊಳಗೆ ಎಲ್ಲಿ ಮಣ್ಣು ಬಿದ್ದಿದೆ, ಎಲ್ಲಿ ಬೇಲಿ ಎದ್ದಿದೆ ಎಂದು ಊರಿನವರೇ ಹೋಲಿಸಿ ನೋಡಲು ಆಗ ಸಾಧ್ಯವಾಗುತ್ತದೆ.

– ಭೂಗೋಳ ಶಿಕ್ಷಕಿ, ಚಿತ್ರದುರ್ಗ