ಕಮಾಂಡ್ ಕೊಡುವ ಮೊದಲು ಅರ್ಧ ಗಂಟೆ ಪೆನ್ಸಿಲ್ ಹಿಡಿಸಿ

ಸಂಪಾದಕರಿಗೆ ನಮಸ್ಕಾರ.

ಅಕ್ಕನ ಮಗಳು ಉಡುಪಿ ಹತ್ತಿರದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಹೋದ ವಾರ ಲ್ಯಾಬ್ ರೆಕಾರ್ಡ್ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಡಿಜಿಟಲ್ ಫಿಲ್ಟರ್ ಪ್ರಯೋಗ, ಅಂದರೆ ಸಿಗ್ನಲಿನಲ್ಲಿ ಬೇಕಾದ ಕಂಪನಾಂಕಗಳನ್ನು ಉಳಿಸಿ ಬೇಡದ್ದನ್ನು ತಡೆಯುವ ಲೆಕ್ಕ. ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಒಂದು ಸಾಲಿನ ಕಮಾಂಡ್, ಚಂದದ ಗ್ರಾಫ್, ಪೂರ್ತಿ ಮಾರ್ಕು. "ಗ್ರಾಫಿನ ಈ ಅಲೆಗಳೆಲ್ಲ ಯಾಕೆ ಒಂದೇ ಎತ್ತರಕ್ಕಿವೆ?" ಎಂದು ಕೇಳಿದೆ. "ಗೊತ್ತಿಲ್ಲ ಮಾವ, ಹಾಗೇ ಬರ್ತದೆ" ಅಂದಳು. ತಪ್ಪು ಅವಳದ್ದಲ್ಲ, ಯಾರೂ ಹೇಳಿಕೊಟ್ಟಿಲ್ಲ. ಆದರೆ ಇಡೀ ವಿಷಯ ಇರುವುದೇ ಆ ಒಂದೇ ಎತ್ತರದಲ್ಲಿ, ಅಲ್ವಾ?

ಆ ಕಮಾಂಡಿನ ಹಿಂದಿರುವುದು ಪಾರ್ಕ್ಸ್ ಮತ್ತು ಮೆಕ್‌ಕ್ಲೆಲನ್ ಎಂಬ ಎಂಜಿನಿಯರುಗಳು 1972ರಲ್ಲಿ ಪ್ರಕಟಿಸಿದ ವಿಧಾನ. ಅದರ ಬೇರು ಇನ್ನೂ ಹಳೆಯದು, 1934ರಲ್ಲಿ ರೆಮೆಝ್ ಎಂಬ ಸೋವಿಯತ್ ಗಣಿತಜ್ಞ ಕೊಟ್ಟದ್ದು. ಮಳೆಗಾಲ ಮುಗಿದ ಮೇಲೆ ಅಡಿಕೆ ಒಣಗಿಸಲು ಅಂಗಳ ಮಾಡುವುದನ್ನು ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ಎಲ್ಲಿ ಜಾಸ್ತಿ ಉಬ್ಬಿದೆ, ಎಲ್ಲಿ ಜಾಸ್ತಿ ತಗ್ಗಿದೆ ನೋಡುತ್ತಾರೆ, ಅಲ್ಲಿ ಸರಿ ಮಾಡುತ್ತಾರೆ, ಮತ್ತೆ ನೋಡುತ್ತಾರೆ.

ಊಟದ ಮೇಜಿನ ಮೇಲೆ ಒಂದು ಸಣ್ಣ ಲೆಕ್ಕ ಕೊಟ್ಟೆ. ಎಕ್ಸ್ ಸ್ಕ್ವೇರ್ ಗ್ರಾಫಿಗೆ 0ಯಿಂದ 1ರ ತನಕ ಅತಿ ಹತ್ತಿರವಾಗಿ ಹೋಗುವ, ಅಂದರೆ ಅತಿ ದೊಡ್ಡ ವ್ಯತ್ಯಾಸವೂ ಆದಷ್ಟು ಸಣ್ಣದಾಗಿರುವ ನೇರ ಗೆರೆ ಯಾವುದು? ಸುಮ್ನೆ ಮೂರು ಜಾಗ ಹಿಡಿದಳು: 0, 0.25, 1. ಮೂರೂ ಕಡೆ ವ್ಯತ್ಯಾಸ ಒಂದೇ ಅಳತೆಯದ್ದಾಗಿ ಮೇಲೆ, ಕೆಳಗೆ, ಮೇಲೆ ಬರಬೇಕು ಎಂದು ಲೆಕ್ಕ ಹಾಕಿದಾಗ 0.094 ಬಂತು. ಆದರೆ ಗೆರೆ ಎಳೆದು ನೋಡಿದರೆ 0.5ರಲ್ಲಿ ವ್ಯತ್ಯಾಸ 0.156! ಹಾಗಾದರೆ 0.25 ಬಿಟ್ಟು 0.5 ಹಿಡಿಯಬೇಕು. ಮತ್ತೆ ಲೆಕ್ಕ. ಈಗ ಮೂರೂ ಕಡೆ 0.125, ಬೇರೆಲ್ಲೂ ಅದಕ್ಕಿಂತ ಜಾಸ್ತಿ ಇಲ್ಲ. ಎರಡೇ ಸುತ್ತು. ಇದಕ್ಕಿಂತ ಒಳ್ಳೆಯ ಗೆರೆ ಯಾಕಿಲ್ಲ ಎಂಬುದನ್ನು ಅವಳೇ ಕಂಡುಕೊಂಡಳು: ಇದ್ದರೆ ಅದು ಈ ಗೆರೆಯನ್ನು ಎರಡು ಕಡೆ ದಾಟಬೇಕು, ಎರಡು ನೇರ ಗೆರೆಗಳು ಒಂದೇ ಕಡೆ ತಾನೇ ದಾಟುವುದು! ಅವಳ ಮುಖ ನೋಡಬೇಕಿತ್ತು.

ಫಿಲ್ಟರಿನಲ್ಲೂ ಇದೇ. ಗೆರೆಯ ಜಾಗದಲ್ಲಿ ಕೊಸೈನ್‌ಗಳ ಮೊತ್ತ, ಅಷ್ಟೇ. ಉಳಿಸಬೇಕಾದ ಕಂಪನಾಂಕಗಳ ಪಟ್ಟಿಯಾದ ಪಾಸ್ ಬ್ಯಾಂಡಿನಲ್ಲಿ 1 ಬೇಕು, ತಡೆಯಬೇಕಾದ ಪಟ್ಟಿಯಾದ ಸ್ಟಾಪ್ ಬ್ಯಾಂಡಿನಲ್ಲಿ 0 ಬೇಕು, ನಡುವಿನ ಪಟ್ಟಿಯನ್ನು ಅದರ ಪಾಡಿಗೆ ಬಿಡುತ್ತೇವೆ. ಎರಡೂ ಬದಿ ಸಮನಾಗಿರುವ 31 ಕೋಎಫಿಶಿಯೆಂಟುಗಳ (ಗುಣಿಸುವ ಸಂಖ್ಯೆಗಳ) ಫಿಲ್ಟರಿನಲ್ಲಿ ಬೇರೆ ಬೇರೆ ಇರುವುದು 16. ನೇರ ಗೆರೆಯ ಎರಡು ಸಂಖ್ಯೆಗಳಿಗೆ ಮೂರು ಜಾಗ ಹಿಡಿದ ಹಾಗೆ, ಇಲ್ಲಿ ಹಿಡಿಯಬೇಕಾದ ಜಾಗ 17. ಸುತ್ತು ಸುತ್ತಿಗೆ ಜಾಗ ಬದಲಿಸುತ್ತಾ ಹೋಗಿ, ಇನ್ನು ಬದಲಾಗುವುದಿಲ್ಲ ಎನ್ನುವಾಗ ನಿಲ್ಲಿಸುವುದು. ಎರಡು ಬ್ಯಾಂಡಿನ ವ್ಯತ್ಯಾಸಕ್ಕೂ ಒಂದೇ ತೂಕ (ಮಹತ್ವ) ಕೊಟ್ಟರೆ ಅಲೆಗಳೆಲ್ಲ ಸಮ ಎತ್ತರಕ್ಕೆ ಬಂದು ನಿಲ್ಲುತ್ತವೆ.

ಮಣಿಪಾಲ, ಸುರತ್ಕಲ್, ಮಂಗಳೂರು ಸುತ್ತ ಇಷ್ಟೊಂದು ಎಂಜಿನಿಯರಿಂಗ್ ಮಕ್ಕಳಿದ್ದಾರೆ. ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕಂಪ್ಯೂಟರ್ ಆನ್ ಮಾಡುವ ಮೊದಲು ಈ ಎರಡು ಸುತ್ತಿನ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಅದನ್ನೂ ರೆಕಾರ್ಡಿನಲ್ಲಿ ಬರೆಸಿ, ಅದಕ್ಕೂ ಮಾರ್ಕು ಕೊಡಿ.

— ಒಬ್ಬ ಓದುಗ, ಉಡುಪಿ